ಪಿಎಚ್‌ಸಿ ಓಪಿಡಿಯಲ್ಲಿ ಕುಡಿತದ ಬಗ್ಗೆ ಕೇಳುವುದು ಹೇಗೆ? ತೋಟದ ಸೀಮೆಯ ಲೆಕ್ಕಾಚಾರ

ದಕ್ಷಿಣಕೊಡಗು_ಎಂಓ:
ಎನ್‌ಸಿಡಿ (ಅಸಾಂಕ್ರಾಮಿಕ ಕಾಯಿಲೆಗಳ) ಕ್ಲಿನಿಕ್ಕಿನಲ್ಲಿ ಬಿಪಿ, ಶುಗರ್ ನೋಡುವಾಗಲೇ ಕುಡಿತದ ತಪಾಸಣೆಯನ್ನೂ ಸೇರಿಸುವ ಯೋಚನೆ ಇದೆ. ಸದ್ಯಕ್ಕೆ ಕೈಯಲ್ಲಿರುವುದು ಆಶಾ ಕಾರ್ಯಕರ್ತೆಯರು ತುಂಬುವ ಸಿಬ್ಯಾಕ್ (ಕಾಯಿಲೆಯ ಅಪಾಯ ಅಂದಾಜಿಸುವ) ನಮೂನೆಯ ಒಂದೇ ಒಂದು ಪ್ರಶ್ನೆ. ಒಬ್ಬ ರೋಗಿಗೆ ಸಿಗುವುದು ಮೂರು-ನಾಲ್ಕು ನಿಮಿಷ. ಬರುವವರಲ್ಲಿ ತೋಟದ ಕಾರ್ಮಿಕರು, ಹಾಡಿಯವರು (ಬುಡಕಟ್ಟಿನವರು), ನಿವೃತ್ತ ಯೋಧರು, ಸಣ್ಣ ಬೆಳೆಗಾರರು, ಈಚೆಗೆ ಅಸ್ಸಾಂ-ಬಂಗಾಳದ ಕಡೆಯ ಕೂಲಿಯವರು, ಎಲ್ಲರೂ ಇದ್ದಾರೆ. ಯಾವ ಪ್ರಶ್ನಾವಳಿ ಹಿಡಿಯಬೇಕು, ಯಾರು ಕೇಳಬೇಕು, ಅಂಕ ಜಾಸ್ತಿ ಬಂದವರನ್ನು ಏನು ಮಾಡಬೇಕು? ಪುಸ್ತಕದ ಉತ್ತರ ಗೊತ್ತಿದೆ. ಇಲ್ಲಿ ನಡೆಯುವ ಉತ್ತರ ಬೇಕು.

ಸಿಎಚ್‌ಓ_ಉಪಕೇಂದ್ರ:
ಸರ್, ಮೊದಲು ಸಿಬ್ಯಾಕ್ ಪ್ರಶ್ನೆಯ ಕಥೆ ಹೇಳಿಬಿಡುತ್ತೇನೆ. ಅದು ಕೇಳುವುದು "ದಿನಾ ಕುಡಿಯುತ್ತೀರಾ" ಅಂತ. ಹೌದಾದರೆ 1, ಇಲ್ಲವಾದರೆ 0. ನಮ್ಮ ಸೀಮೆಗೆ ಆ "ದಿನಾ" ಎಂಬುದೇ ಹೊಂದುವುದಿಲ್ಲ. ಶನಿವಾರ ಬಟವಾಡೆ ಆಗುವ ತೋಟದಲ್ಲಿ ಕುಡಿತವೂ ಬಟವಾಡೆಯ ಲೆಕ್ಕದಲ್ಲೇ ನಡೆಯುತ್ತದೆ.

ಒಬ್ಬ ಕೆಲಸಗಾರ ಶನಿವಾರ ಒಂದು ಕ್ವಾರ್ಟರ್, ಭಾನುವಾರ ಒಂದು ಕ್ವಾರ್ಟರ್ ಹಾಕುತ್ತಾನೆ, ವಾರದ ಉಳಿದ ದಿನ ಮುಟ್ಟುವುದಿಲ್ಲ ಅಂದುಕೊಳ್ಳಿ. ಸಿಬ್ಯಾಕ್‌ನಲ್ಲಿ ಅವನಿಗೆ ಸೊನ್ನೆ. ಅವನಿಗೇ ಆಡಿಟ್-ಸಿ, ಅಂದರೆ ಆಡಿಟ್ ಎಂಬ ಕುಡಿತದ ಪ್ರಶ್ನಾವಳಿಯ ಮೊದಲ ಮೂರು ಪ್ರಶ್ನೆ, ಹಾಕಿ ನೋಡಿ. ಎಷ್ಟು ಸಲ? ವಾರಕ್ಕೆ 2-3 ಸಲ ಎಂಬ ಖಾನೆ, ಅಂಕ 3. ಕುಡಿದ ದಿನ ಎಷ್ಟು? 180 ಎಂಎಲ್ ಅಂದರೆ 6 ಡ್ರಿಂಕ್ (30 ಎಂಎಲ್‌ಗೆ ಒಂದು), ಅಂಕ 2. ಆರು ಅಥವಾ ಅದಕ್ಕಿಂತ ಹೆಚ್ಚು ಎಷ್ಟು ಸಲ? ವಾರಕ್ಕೊಮ್ಮೆಯಾದರೂ, ಅಂಕ 3. ಒಟ್ಟು 12ಕ್ಕೆ 8. ಗಂಡಸರಿಗೆ 4 ಅಥವಾ ಹೆಚ್ಚು ಬಂದರೆ ಮುಂದಿನ ಪ್ರಶ್ನೆ ಕೇಳಬೇಕು ಎಂದಿರುವಾಗ ಇವನು ಅದರ ಎರಡರಷ್ಟು. ಒಂದೇ ಮನುಷ್ಯ, ಒಂದು ಕಾಗದದಲ್ಲಿ ಸೊನ್ನೆ, ಇನ್ನೊಂದರಲ್ಲಿ ಎಂಟು.

ಸಿಬ್ಯಾಕ್ ತುಂಬುವುದನ್ನು ಬಿಡಲಾಗುವುದಿಲ್ಲ, ಅದು ಇಲಾಖೆಯ ನಮೂನೆ. ಆದರೆ ಅಲ್ಲಿ "ಇಲ್ಲ" ಎಂದು ಬಂದವರನ್ನು ಕುಡಿಯದವರು ಎಂದು ತಿಳಿಯಬೇಡಿ. ಇನ್ನೊಂದು ಮಾತು: ಅದು 30 ದಾಟಿದವರಿಗೆ ಮಾತ್ರ. ಇಪ್ಪತ್ತೈದರ ಹುಡುಗ ಬೈಕಿನಿಂದ ಬಿದ್ದು ಹೊಲಿಗೆ ಹಾಕಿಸಿಕೊಳ್ಳಲು ಬಂದರೆ ಅವನಿಗೆ ಯಾವ ಕಾಗದವೂ ಇಲ್ಲ.

ಮನೋವೈದ್ಯ_ಮಡಿಕೇರಿ:
ಮೇಲಿನ ಉದಾಹರಣೆಯಲ್ಲೇ ಅರ್ಧ ಉತ್ತರ ಇದೆ. ನನ್ನ ಸಲಹೆ ಎರಡು ಮೆಟ್ಟಿಲು. ಎಲ್ಲರಿಗೂ ಆಡಿಟ್-ಸಿಯ ಮೂರು ಪ್ರಶ್ನೆ, ಒಂದು ನಿಮಿಷ ಸಾಕು. ಗಂಡಸರಲ್ಲಿ 4, ಹೆಂಗಸರಲ್ಲಿ 3 ಅಥವಾ ಹೆಚ್ಚು ಬಂದರೆ ಉಳಿದ ಏಳು ಪ್ರಶ್ನೆ ಕೇಳಿ ಪೂರ್ತಿ ಆಡಿಟ್ ಮುಗಿಸಿ. ಒಟ್ಟು 40 ಅಂಕ. ವಿಶ್ವ ಆರೋಗ್ಯ ಸಂಸ್ಥೆಯ 2001ರ ಕೈಪಿಡಿಯ ವಿಂಗಡಣೆ ಹೀಗಿದೆ: 7ರವರೆಗೆ ತಿಳಿವಳಿಕೆ ಸಾಕು, 8ರಿಂದ 15 ಸರಳ ಸಲಹೆ, 16ರಿಂದ 19 ಸಲಹೆಯ ಜೊತೆ ಚಿಕ್ಕ ಸಮಾಲೋಚನೆ, ಮತ್ತೆ ಮತ್ತೆ ಕರೆದು ನೋಡುವುದು, 20 ಅಥವಾ ಹೆಚ್ಚು ಬಂದರೆ ಅವಲಂಬನೆ ಇದೆಯೇ ಎಂದು ತಜ್ಞರು ನೋಡಬೇಕು.

ಕೇಜ್ ಎಂಬ ನಾಲ್ಕು ಪ್ರಶ್ನೆಯದ್ದು ನಮ್ಮಲ್ಲಿ ಹಲವರಿಗೆ ಕಾಲೇಜಿನಿಂದಲೇ ಬಾಯಿಪಾಠ. ಕಡಿಮೆ ಮಾಡಬೇಕು ಅನ್ನಿಸಿದೆಯೇ, ಯಾರಾದರೂ ಅಂದಾಗ ಸಿಟ್ಟು ಬರುತ್ತದೆಯೇ, ತಪ್ಪು ಮಾಡಿದೆ ಅನ್ನಿಸುತ್ತದೆಯೇ, ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತದೆಯೇ. ಎರಡಕ್ಕೆ ಹೌದು ಎಂದರೆ ಅನುಮಾನ. ವಾರ್ಡಿನಲ್ಲಿ ಚಟ ಬಲಿತವರನ್ನು ಹಿಡಿಯಲು ಪರವಾಗಿಲ್ಲ. ಆದರೆ ಅದು ಇಡೀ ಜೀವಮಾನದ ಬಗ್ಗೆ ಕೇಳುತ್ತದೆ, ಎಷ್ಟು ಕುಡಿಯುತ್ತಾನೆ ಎಂದು ಕೇಳುವುದೇ ಇಲ್ಲ. ಹತ್ತು ವರ್ಷದ ಹಿಂದೆ ಬಿಟ್ಟವನೂ ಸಿಕ್ಕಿಬೀಳುತ್ತಾನೆ, ಇನ್ನೂ ಚಟಕ್ಕೆ ಬೀಳದೆ ಅಪಾಯದ ಅಂಚಿನಲ್ಲಿ ಕುಡಿಯುವವನು ತಪ್ಪಿಸಿಕೊಳ್ಳುತ್ತಾನೆ. ಕೊಡಗಿನಂಥ ಕಡೆ ಅದಕ್ಕೆ ಇನ್ನೊಂದು ತೊಡಕು. ಗುರುಕಾರೋಣರಿಗೆ (ಗತಿಸಿದ ಹಿರಿಯರಿಗೆ) ಮೀದಿ (ಎಡೆ) ಇಡುವಾಗಲೇ ಮದ್ಯ ಇರುವ ಮನೆಯಲ್ಲಿ ಕುಡಿದದ್ದಕ್ಕೆ ತಪ್ಪಿತಸ್ಥ ಭಾವ ಯಾಕೆ ಬರಬೇಕು? ಯಾರು ತಾನೇ ಟೀಕಿಸುತ್ತಾರೆ? ನಾಚಿಕೆಯನ್ನು ಅಳೆಯುವ ಪ್ರಶ್ನೆ ನಾಚಿಕೆ ಇಲ್ಲದ ಕಡೆ ಕೆಲಸಕ್ಕೆ ಬಾರದು. ಇಲ್ಲಿ ಕೇಳಬೇಕಾದ್ದು ಅಳತೆ.

ತಂಬಾಕು, ಗಾಂಜಾ ಎಲ್ಲವನ್ನೂ ಒಟ್ಟಿಗೆ ನೋಡಬೇಕು ಎನ್ನುವವರು ಅಸಿಸ್ಟ್ ಪ್ರಶ್ನಾವಳಿ ಬಳಸಬಹುದು. ಅದರಲ್ಲಿ ಮದ್ಯಕ್ಕೆ 10ರವರೆಗೆ ಕಡಿಮೆ ಅಪಾಯ, 11ರಿಂದ 26 ಮಧ್ಯಮ, 27 ಮತ್ತು ಮೇಲಾದರೆ ಹೆಚ್ಚು. ಆದರೆ ಉದ್ದ ಜಾಸ್ತಿ, ಓಪಿಡಿ ಸಾಲಿಗೆ ಆಗಿಬರುವುದಿಲ್ಲ.

ಅಳತೆಗೋಲು (ಫಾರ್ಮಸಿ):
ಸರ್ ಅಂದ ಅಳತೆಯ ಮೇಲೇ ಎಲ್ಲ ನಿಂತಿದೆ, ಎಡವುವುದೂ ಅಲ್ಲೇ. ಆಡಿಟ್‌ನ "ಒಂದು ಡ್ರಿಂಕ್" ಅಂದರೆ 10 ಗ್ರಾಂ ಶುದ್ಧ ಆಲ್ಕೋಹಾಲ್. ನಮ್ಮ ವಿಸ್ಕಿ, ರಮ್, ಬ್ರಾಂದಿಯ ಲೇಬಲ್ ಮೇಲೆ 42.8% ಎಂದಿರುತ್ತದೆ. 30 ಎಂಎಲ್ × 0.428 × 0.79 ಮಾಡಿದರೆ 10 ಗ್ರಾಂ ಚಿಲ್ಲರೆ. ಅಂದರೆ ಒಂದು ಸಣ್ಣ ಪೆಗ್ ಅಂದರೆ ಒಂದು ಡ್ರಿಂಕ್, ನೆನಪಿಡಲು ಸುಲಭ. ಇಲ್ಲಿಂದ ಮುಂದೆ:

90 ಎಂಎಲ್ ಟೆಟ್ರಾ ಪ್ಯಾಕ್, ಅದೇ "ನೈಂಟಿ", 3 ಡ್ರಿಂಕ್. ಕ್ವಾರ್ಟರ್ 6. ಹಾಫ್ ಬಾಟಲಿ 12 ಅಥವಾ ಸ್ವಲ್ಪ ಹೆಚ್ಚು. 750ರ ಫುಲ್ ಬಾಟಲಿ 25. 650 ಎಂಎಲ್ ಬಿಯರ್ 5% ಇದ್ದರೆ ಎರಡೂವರೆ, 8% ಸ್ಟ್ರಾಂಗ್ ಆದರೆ 4. "ಬಿಯರ್ ಮಾತ್ರ ಸಾರ್" ಎಂದು ಎರಡು ಸ್ಟ್ರಾಂಗ್ ಮುಗಿಸುವವನು ಒಂದು ಕ್ವಾರ್ಟರ್‌ಗಿಂತ ಜಾಸ್ತಿ ಕುಡಿದಿರುತ್ತಾನೆ. ಅದನ್ನು ಕೇಳಿದಾಗ ಅವನಿಗೇ ಆಶ್ಚರ್ಯ.

"ಎಷ್ಟು ಡ್ರಿಂಕ್" ಎಂದು ಕೇಳಲೇಬೇಡಿ. "ಎಷ್ಟು ಪೆಗ್" ಎಂದೂ ಬೇಡ, ಮನೆಯಲ್ಲಿ ಕುಡಿಯುವವರ ಪೆಗ್ಗಿಗೆ ಅಳತೆ ಇಲ್ಲ. "ಏನು ತಗೊಳ್ತೀರಿ, ನೈಂಟಿಯಾ ಕ್ವಾರ್ಟರಾ? ಎಷ್ಟು?" ಹೀಗೆ ಕೇಳಿ, ಲೆಕ್ಕ ನೀವು ಹಾಕಿಕೊಳ್ಳಿ. ಬಾಟಲಿ ಇಟ್ಟುಕೊಂಡು ಕುಡಿಯುವವರಿಗೆ, ವಿಶೇಷವಾಗಿ ಕ್ಯಾಂಟೀನ್ ರಮ್ ತರುವ ನಿವೃತ್ತರಿಗೆ, ಒಂದೇ ಪ್ರಶ್ನೆ: "ಫುಲ್ ಬಾಟಲಿ ಎಷ್ಟು ದಿನ ಬರುತ್ತೆ, ಜೊತೆಗೆ ಯಾರಾದರೂ ಕುಡೀತಾರಾ?" ಒಬ್ಬರೇ, ಆರು ದಿನ ಅಂದರೆ 25 ಭಾಗಿಸು 6, ದಿನಕ್ಕೆ 4. ಅದೇ ಮನುಷ್ಯನನ್ನು ಎಷ್ಟು ಪೆಗ್ ಎಂದು ಕೇಳಿದ್ದರೆ "ರಾತ್ರಿ ಊಟಕ್ಕೆ ಮುಂಚೆ ಎರಡೇ" ಎಂದಿರುತ್ತಿದ್ದರು. ಸುಳ್ಳಲ್ಲ, ಅವರ ಪೆಗ್ 60ರದ್ದು. ಅಂಕ ಹಾಕಿದರೆ ದಿನಾ ಆದ್ದರಿಂದ 4, ನಾಲ್ಕು ಡ್ರಿಂಕಿಗೆ 1, ತಿಂಗಳಿಗೊಂದು ಮದುವೆಯಲ್ಲಿ ಆರು ದಾಟಿದರೆ 2, ಒಟ್ಟು 7. ಮೈ ತೂಗಾಡಿದ್ದಿಲ್ಲ, ಜಗಳ ಇಲ್ಲ, ಬಿಪಿ ಮಾತ್ರೆ ಎರಡು ಬಗೆ ನುಂಗಿದರೂ 160ರಿಂದ ಇಳಿಯುವುದಿಲ್ಲ.

ಮೇಜಿನ ಡ್ರಾಯರಿನಲ್ಲಿ ಒಂದು ಸ್ಟೀಲ್ ಲೋಟ, ಒಂದು ನೀರಿನ ಬಾಟಲಿ, ಕೆಮ್ಮಿನ ಸಿರಪ್ಪಿನ 10 ಎಂಎಲ್ ಗುರುತಿರುವ ಮುಚ್ಚಳ ಇಟ್ಟುಕೊಳ್ಳಿ. "ನೀವು ಹಾಕಿಕೊಳ್ಳುವಷ್ಟು ಹಾಕಿ ತೋರಿಸಿ" ಎಂದು ಲೋಟ ಕೊಟ್ಟು, ಆಮೇಲೆ ಅದನ್ನು ಮುಚ್ಚಳದಲ್ಲಿ ಅಳೆಯಿರಿ. ಮೂರು ಮುಚ್ಚಳಕ್ಕೆ ಒಂದು ಡ್ರಿಂಕ್. ಅರ್ಧ ನಿಮಿಷದ ಕೆಲಸ.

ದಕ್ಷಿಣಕೊಡಗು_ಎಂಓ:
ಇದು ಬೇಕಾಗಿತ್ತು. ಮನೆ ವೈನ್, ಗಡಿಯಾಚೆಯ ಕಳ್ಳು, ಕಳ್ಳಭಟ್ಟಿ ಇವಕ್ಕೆ ಏನು ಲೆಕ್ಕ? ಮತ್ತೆ ಕಾಫಿ ಕುಯ್ಲಿನ ಕಾಲಕ್ಕೂ ಮಳೆಗಾಲಕ್ಕೂ ಕುಡಿತ ಬೇರೆ ಬೇರೆ. ಆಡಿಟ್ ಕೇಳುವುದು ಕಳೆದ ಒಂದು ವರ್ಷದ ಬಗ್ಗೆ.

ಅಳತೆಗೋಲು (ಫಾರ್ಮಸಿ):
ಮನೆ ವೈನಿನ ಗಡಸು ಮನೆಯಿಂದ ಮನೆಗೆ ಬೇರೆ. ಸಕ್ಕರೆ ಎಷ್ಟು ಸುರಿದರು, ಎಷ್ಟು ದಿನ ಹುಳಿಯಲು ಬಿಟ್ಟರು ಎನ್ನುವುದರ ಮೇಲೆ ಹೋಗುತ್ತದೆ. ಕೆಲಸ ನಡೆಯಲು 12% ಎಂದು ಹಿಡಿದರೆ 100 ಎಂಎಲ್, ಅಂದರೆ ಸಣ್ಣ ಲೋಟ, ಹೆಚ್ಚುಕಡಿಮೆ ಒಂದು ಡ್ರಿಂಕ್. ಕಳ್ಳು ಇಳಿಸಿದ ಹೊತ್ತಿನಿಂದ ಏರುತ್ತಲೇ ಇರುತ್ತದೆ, ಬಿಯರಿನ ಲೆಕ್ಕ ಹಿಡಿಯಿರಿ. ಕಳ್ಳಭಟ್ಟಿಗೆ ಲೆಕ್ಕವೇ ಇಲ್ಲ. ವಿಸ್ಕಿಯಷ್ಟಾದರೂ ಎಂದು ಬರೆದುಕೊಳ್ಳಿ. ಅದನ್ನು ಕುಡಿದವರಲ್ಲಿ ಕಣ್ಣು ಮಂಜು, ಹೊಟ್ಟೆನೋವು, ಏದುಸಿರು ಕಂಡರೆ ತಪಾಸಣೆ ಪಕ್ಕಕ್ಕಿಟ್ಟು ಮೆಥನಾಲ್ ವಿಷ ಎಂದು ತಿಳಿದು ಆಂಬುಲೆನ್ಸ್ ಕರೆಯಿರಿ.

ಸಿಎಚ್‌ಓ_ಉಪಕೇಂದ್ರ:
ಕಾಲದ ಪ್ರಶ್ನೆಗೆ: "ಕುಯ್ಲಿನ ಹೊತ್ತಲ್ಲಿ ಹೇಗೆ, ಮಳೆಗಾಲದಲ್ಲಿ ಹೇಗೆ" ಎಂದು ಎರಡು ಸಲ ಕೇಳುತ್ತೇವೆ. ಅಂಕ ಹಾಕುವುದು ಹೆಚ್ಚು ಕುಡಿಯುವ ಕಾಲಕ್ಕೆ.

ಮನೋವೈದ್ಯ_ಮಡಿಕೇರಿ:
ಅದಕ್ಕೆ ನನ್ನ ಒಪ್ಪಿಗೆ ಇಲ್ಲ ಮೇಡಂ. ಹೆಚ್ಚಿನ ಕಾಲದ್ದನ್ನೇ ಇಡೀ ವರ್ಷಕ್ಕೆ ಹಾಕಿದರೆ ಅಂಕ ಉಬ್ಬುತ್ತದೆ. ಮೊದಲ ಪ್ರಶ್ನೆಗೆ ವರ್ಷದ ಸರಾಸರಿಯನ್ನೇ ಹಾಕಿ, ಎರಡನೆಯದಕ್ಕೆ ಕುಡಿದ ಮಾಮೂಲಿ ದಿನದ ಪ್ರಮಾಣ, ಕುಯ್ಲಿನ ಕಾಲದ್ದನ್ನು ಪಕ್ಕದಲ್ಲಿ ಟಿಪ್ಪಣಿಯಾಗಿ ಬರೆಯಿರಿ. ಸಲಹೆ ಕೊಡುವಾಗ ಆ ಟಿಪ್ಪಣಿ ಅಂಕಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಸಿಎಚ್‌ಓ_ಉಪಕೇಂದ್ರ:
ಆದರೆ ಸರ್, ಡಿಸೆಂಬರಿನಿಂದ ಮಾರ್ಚಿನವರೆಗೆ ವಾರಕ್ಕೆ ಐದು ದಿನ ಕುಡಿಯುವವನು ಸರಾಸರಿಯಲ್ಲಿ ಸಾಧುವಾಗಿ ಕಾಣುತ್ತಾನೆ. ತಪಾಸಣೆಯಲ್ಲಿ ಒಬ್ಬ ಹೆಚ್ಚು ಸಿಕ್ಕಿದರೆ ನಷ್ಟ ಐದು ನಿಮಿಷ, ಒಬ್ಬ ತಪ್ಪಿದರೆ ಮುಂದಿನ ವರ್ಷದವರೆಗೆ ಅವನನ್ನು ಯಾರೂ ಕೇಳುವುದಿಲ್ಲ.

ಹಾಡಿಯಿಂದ:
ಯಾರನ್ನು ಕೇಳಬೇಕು ಎನ್ನುವುದಕ್ಕೆ ಬರುತ್ತೇನೆ. ಎಲ್ಲರನ್ನೂ ಕೇಳಿ, ಇಲ್ಲವೇ ಯಾರನ್ನೂ ಕೇಳಬೇಡಿ. ಯರವರು, ಜೇನುಕುರುಬರು ಬಂದ ಕೂಡಲೇ ಕುಡಿತದ ಕಾಗದ ತೆಗೆಯುವುದು, ಶರ್ಟು ಇಸ್ತ್ರಿ ಮಾಡಿ ಬಂದ ಬೆಳೆಗಾರರಿಗೆ ಬಿಪಿ ಮಾತ್ರ ನೋಡಿ ಕಳಿಸುವುದು, ಇದು ನಡೆಯುತ್ತದೆ. ಹಾಗೆ ಮಾಡಿದರೆ ಹಾಡಿಯವರು ಮುಂದಿನ ಸಲ ಜ್ವರಕ್ಕೂ ಬರುವುದಿಲ್ಲ. ಮೂರು ಪ್ರಶ್ನೆಯನ್ನು ಬಿಪಿ ಪಟ್ಟಿ ಸುತ್ತುವಾಗಲೇ ಕೇಳಿದರೆ ಯಾರಿಗೂ ಮುಜುಗರ ಇಲ್ಲ. "ಎಲ್ಲರನ್ನೂ ಕೇಳ್ತೀವಿ, ಬಿಪಿ ಮಾತ್ರೆಗೂ ಇದಕ್ಕೂ ಸಂಬಂಧ ಇದೆ" ಎಂದರೆ ಸಾಕು.

ಭಾಷೆ ಎರಡನೆಯದು. ಕನ್ನಡ, ಕೊಡವತಕ್ಕ್, ಅರೆಭಾಷೆ, ಮಲಯಾಳಂ, ಯರವ ಮಾತು, ಈಗ ಹಿಂದಿ-ಬಂಗಾಳಿ-ಅಸ್ಸಾಮಿ. ಭಾಷೆ ಬಾರದಾಗ ಸುಲಭಕ್ಕೆ ಸಿಗುವವರು ಕರೆದುಕೊಂಡು ಬಂದ ಮೇಸ್ತ್ರಿ. ಅವರ ಬಾಯಿಂದ ಪ್ರಶ್ನೆ ಕೇಳಿಸಿದರೆ ಉತ್ತರ ಏನು ಬರುತ್ತದೆ ಎಂದು ಹೇಳಬೇಕಾಗಿಲ್ಲ. ಕೂಲಿ ಕೊಡುವವನ ಮುಂದೆ ಯಾರೂ ಕುಡಿಯುವುದಿಲ್ಲ. ಕೆಲವು ಸಲ ಉಲ್ಟಾ, ಮೇಸ್ತ್ರಿಯೇ "ಇವನು ದೊಡ್ಡ ಕುಡುಕ" ಎಂದು ಅಂಕ ಹಾಕಿಬಿಡುತ್ತಾನೆ. ಆಶಾ ಇದ್ದರೆ ಅವರು, ಇಲ್ಲದಿದ್ದರೆ ಚಿತ್ರದ ಹಾಳೆ: ನೈಂಟಿ, ಕ್ವಾರ್ಟರ್, ಬಿಯರ್ ಬಾಟಲಿ, ಪಕ್ಕದಲ್ಲಿ ವಾರದ ಏಳು ಚೌಕ. ಬೆರಳಿಟ್ಟು ತೋರಿಸಿದರಾಯಿತು. ಓದು ಬಾರದವರಿಗೂ ಇದೇ.

ಮನೆಗೆ ಹೋಗಿ ಕೇಳುವುದಾದರೆ ಲೈನ್ ಮನೆಯಲ್ಲಿ ಗೋಡೆಗೆ ಗೋಡೆ ಅಂಟಿದೆ, ಪಕ್ಕದ ಮನೆಗೆ ಎಲ್ಲ ಕೇಳುತ್ತದೆ. ಹೆಂಗಸರನ್ನು ಅತ್ತೆಯ ಮುಂದೆ, ಗಂಡನ ಮುಂದೆ ಕೇಳಬೇಡಿ. ತೂಕ ನೋಡುವ ನೆಪದಲ್ಲಿ ಒಳಗೆ ಕರೆಯಿರಿ. ಗರ್ಭಿಣಿಗೆ ಅಂಕದ ಲೆಕ್ಕವೇ ಬೇಡ, ಅವರಿಗೆ ಸುರಕ್ಷಿತ ಎಂದು ಹೇಳಬಹುದಾದ ಪ್ರಮಾಣ ಇಲ್ಲ. ತಾಯಿ ಕಾರ್ಡ್ ತುಂಬುವಾಗ ಮೆಲ್ಲಗೆ ಕೇಳಿ, ಬೈಯದೆ ಹೇಳಿ.

ಸಂಶಯಿ_ವೈದ್ಯ:
ಇಷ್ಟೆಲ್ಲ ಕೇಳಿ ಆಗುವುದೇನು? ಅಂಕ 17 ಬಂತು. ಆಮೇಲೆ? ಕಡಿಮೆ ಮಾಡಿ ಅನ್ನುತ್ತೇವೆ, ಅವನು ತಲೆಯಾಡಿಸಿ ಸಂತೆಗೆ ಹೋಗುತ್ತಾನೆ. ಕಾಗದದ ಕೆಲಸ ಇನ್ನೊಂದು ಹೆಚ್ಚಾಯಿತು ಅಷ್ಟೆ.

ಸಮಾಲೋಚಕಿ:
ಸರ್, ಬರೀ "ಕಡಿಮೆ ಮಾಡಿ" ಎಂದರೆ ನೀವು ಹೇಳಿದ ಹಾಗೇ ಆಗುತ್ತದೆ. ಆದರೆ ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಒಂದು ಪ್ರಯೋಗ ನಡೆಯಿತು, 2017ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು. ಆಡಿಟ್‌ನಲ್ಲಿ 12ರಿಂದ 19 ಬಂದ 377 ಗಂಡಸರು. ಸಲಹೆ ಕೊಟ್ಟವರು ಮನೋವೈದ್ಯರೂ ಅಲ್ಲ, ನರ್ಸ್ ಕೂಡ ಅಲ್ಲ, ತರಬೇತಿ ಪಡೆದ ಸಾಮಾನ್ಯ ಜನ. ಹೆಚ್ಚೆಂದರೆ ನಾಲ್ಕು ಸಲದ ಮಾತು. ಮೂರು ತಿಂಗಳ ಮೇಲೆ ನೋಡಿದರೆ ಆಡಿಟ್ 8ರ ಕೆಳಗೆ ಇಳಿದವರು ಸಲಹೆ ಸಿಕ್ಕವರಲ್ಲಿ 36%, ಮಾಮೂಲಿ ಚಿಕಿತ್ಸೆಯವರಲ್ಲಿ 26%. ನೂರಕ್ಕೆ ಹತ್ತು ಜನ ಹೆಚ್ಚು. ಪವಾಡ ಏನಲ್ಲ. ಆದರೆ ಬಿಪಿ ಮಾತ್ರೆಯಿಂದ ನಾವು ಪಡೆಯುವ ಲಾಭಕ್ಕೆ ಹೋಲಿಸಿದರೆ ನಾಚಿಕೆಪಡುವಂಥದ್ದೂ ಅಲ್ಲ. ಇನ್ನೊಂದು ಕಡೆಯಿಂದ ನೋಡಿ: 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯದ ಅವಲಂಬನೆ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಕೇಳದೆ ಬಿಟ್ಟರೆ ಉಳಿದವರು ನಿಮ್ಮ ಓಪಿಡಿಗೆ ಗ್ಯಾಸ್ಟ್ರಿಕ್ ಎಂದು ಬರುತ್ತಲೇ ಇರುತ್ತಾರೆ.

ಐದು ನಿಮಿಷದಲ್ಲಿ ಏನು ಹೇಳುವುದು? ಆ ಬಟವಾಡೆಯ ಮನುಷ್ಯನನ್ನೇ ತೆಗೆದುಕೊಳ್ಳೋಣ. ಉಳಿದ ಏಳು ಪ್ರಶ್ನೆಯಲ್ಲಿ ವಾರವಾರ ಸೋಮವಾರದ ಕೆಲಸ ತಪ್ಪುತ್ತದೆ ಎಂದು 3, ತಿಂಗಳಿಗೊಮ್ಮೆ ರಾತ್ರಿ ನಡೆದದ್ದು ನೆನಪಿಲ್ಲ ಎಂದು 2, ಈ ವರ್ಷ ಹೆಂಡತಿ ಬಿಡು ಎಂದಿದ್ದಾಳೆ ಎಂದು 4. ಎಂಟಕ್ಕೆ ಕೂಡಿಸಿದರೆ 17.

ಮೊದಲು ಅಂಕವನ್ನೇ ತೋರಿಸಿ: "ನಲವತ್ತಕ್ಕೆ ಹದಿನೇಳು. ಎಂಟು ದಾಟಿದರೆ ಮೈಗೆ ಪೆಟ್ಟು ಅಂತ ಲೆಕ್ಕ." ಆಮೇಲೆ ಸುಮ್ಮನಿರಿ. ಅವರು ಏನಾದರೂ ಹೇಳುತ್ತಾರೆ, ಹೇಳಲಿ. ನಂತರ ಅವರ ದೂರಿಗೇ ಜೋಡಿಸಿ. ಹೊಟ್ಟೆನೋವಿಗೆ ಬಂದಿದ್ದರೆ ಹೊಟ್ಟೆ, ಬಿಪಿಗೆ ಬಂದಿದ್ದರೆ ಬಿಪಿ. ಲಿವರ್ ಹಾಳಾಗಿ ಸಾಯುತ್ತೀರಿ ಎಂದು ಹೆದರಿಸುವುದರಿಂದ ಏನೂ ಸಿಗುವುದಿಲ್ಲ, ಅವರ ಊರಲ್ಲಿ ಎಂಬತ್ತು ವರ್ಷ ಕುಡಿದು ಬದುಕಿದ ಅಜ್ಜ ಒಬ್ಬ ಇದ್ದೇ ಇರುತ್ತಾನೆ. "ಏನು ಮಾಡಬಹುದು ಅಂತೀರಿ?" ಎಂದು ಅವರನ್ನೇ ಕೇಳಿ, ತೋಚದಿದ್ದರೆ ಎರಡು ಮೂರು ದಾರಿ ಮುಂದಿಡಿ. ಬಟವಾಡೆ ದುಡ್ಡು ಅಂಗಡಿಗೆ ಹೋಗುವ ಮುಂಚೆ ಮನೆಗೆ ತಲುಪುವುದು. ಕ್ವಾರ್ಟರ್ ಬದಲು ಒಂದು ನೈಂಟಿ, ಎರಡನೆಯದು ಕೈಯಲ್ಲಿ ಇಲ್ಲದ ಹಾಗೆ. ಖಾಲಿ ಹೊಟ್ಟೆಯಲ್ಲಿ ಬೇಡ. ಭಾನುವಾರ ಪೂರ್ತಿ ಬಿಡುವುದು. ಅವರು ಆರಿಸಿದ್ದನ್ನು ಚೀಟಿಯ ಹಿಂದೆ ಬರೆದು ಕೊಡಿ, ಎರಡು ವಾರಕ್ಕೆ ಕರೆಯಿರಿ. ಮುಂದಿನ ಸಲ ಕೇಳುವುದು ಅದೊಂದನ್ನೇ.

ಹುತ್ತರಿಗೆ, ಕೈಲ್ ಮುಹೂರ್ತಕ್ಕೆ ಮುಟ್ಟಬೇಡಿ ಎಂದು ಶುರು ಮಾಡಬೇಡಿ. ಆ ಜಗಳದಲ್ಲಿ ನೀವು ಗೆಲ್ಲುವುದಿಲ್ಲ, ಗೆಲ್ಲಬೇಕಾದ ಅಗತ್ಯವೂ ಇಲ್ಲ. ತೊಂದರೆ ಇರುವುದು ವಾರವಾರದ ಕುಡಿತದಲ್ಲಿ. ಆದರೆ ಹಬ್ಬದ ಮುಂಚೆ ಒಂದು ಭೇಟಿ ಇಟ್ಟುಕೊಂಡು "ಅವತ್ತು ಎಷ್ಟಕ್ಕೆ ನಿಲ್ಲಿಸ್ತೀರಿ" ಎಂದು ಕೇಳಿದರೆ ಒಳ್ಳೆಯದು.

ಸಂಶಯಿ_ವೈದ್ಯ:
ಹತ್ತು ಜನದ ಲೆಕ್ಕ ಒಪ್ಪಿದೆ. ನಾಲ್ಕು ಸಲ ಬರುತ್ತಾರೆ ಎಂಬುದನ್ನು ಒಪ್ಪಲಾರೆ. ಬಿರುನಾಣಿ, ಕುಟ್ಟ ಕಡೆ ಒಂದು ಸಲ ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಯಿತು.

ಸಮಾಲೋಚಕಿ:
ಅದಕ್ಕೇ ಬಿಪಿ, ಶುಗರ್ ಮಾತ್ರೆ ಒಯ್ಯುವ ದಿನಕ್ಕೇ ಜೋಡಿಸಬೇಕು. ಬೇರೆ ದಿನ ಕರೆದರೆ ಬರುವುದಿಲ್ಲ, ನಿಜ. ನಡುವೆ ಒಂದು ಫೋನ್.

ಮನೋವೈದ್ಯ_ಮಡಿಕೇರಿ:
ಈಗ ಅಪಾಯದ ವಿಷಯ. ಇದನ್ನು ಗೊತ್ತುಮಾಡಿಕೊಳ್ಳದೆ ತಪಾಸಣೆ ಶುರು ಮಾಡಲೇಬೇಡಿ. ಮೇಲೆ ಹೇಳಿದ ಸಲಹೆ ಎಲ್ಲ 20ರ ಕೆಳಗಿನವರಿಗೆ. ಬೆಳಗ್ಗೆ ಕೈ ನಡುಗುತ್ತದೆ, ಒಂದು ಗುಟುಕು ಹಾಕಿದರೆ ನಿಲ್ಲುತ್ತದೆ ಎನ್ನುವವನಿಗೆ "ಇವತ್ತಿಂದ ಬಿಟ್ಟುಬಿಡಿ" ಎಂದು ಹೇಳಿ ಕಳಿಸುವುದು ಸಲಹೆಯಲ್ಲ, ಅಪಾಯ. ಆಡಿಟ್‌ನ ಆರನೇ ಪ್ರಶ್ನೆ, ಬೆಳಗಿನ ಕುಡಿತದ್ದು, ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡದೆ ಎಚ್ಚರವಾಗಿ.

ಶುಕ್ರವಾರ ರಾತ್ರಿ ಹತ್ತಕ್ಕೆ ಕೊನೆಯದು ಕುಡಿದು ನಿಮ್ಮ ಮಾತಿಗೆ ಕಟ್ಟುಬಿದ್ದು ನಿಲ್ಲಿಸಿದ ಎನ್ನಿ. ಶನಿವಾರ ಬೆಳಗ್ಗೆ ನಡುಕ, ಬೆವರು, ವಾಂತಿ. ಫಿಟ್ಸ್ ಬರುವುದಾದರೆ ಕೊನೆಯ ಕುಡಿತದಿಂದ 6ರಿಂದ 48 ಗಂಟೆಯೊಳಗೆ, ಅಂದರೆ ಶನಿವಾರ ನಸುಕಿನಿಂದ ಭಾನುವಾರ ರಾತ್ರಿಯವರೆಗೆ. ಹುಳ ಹರಿದಂತೆ ಕಾಣುವುದು, ಜಾಗ-ಹೊತ್ತು ತಿಳಿಯದೆ ಎದ್ದು ಓಡುವುದು 48ರಿಂದ 96 ಗಂಟೆಗೆ, ಭಾನುವಾರ ರಾತ್ರಿಯಿಂದ ಮಂಗಳವಾರ ರಾತ್ರಿ. ಪಿಎಚ್‌ಸಿಯಲ್ಲಿ ವೈದ್ಯರು ಸಿಗದ ಹೊತ್ತಿಗೇ ಸರಿಯಾಗಿ. ಕಾಲು ಮುರಿದು ವಾರ್ಡಿಗೆ ಸೇರಿದವನಿಗೆ ಮೂರನೇ ದಿನ "ತಲೆ ಕೆಟ್ಟಿತು" ಎನ್ನುವುದೂ ಇದೇ. ಚುನಾವಣೆ ಬಂದರೆ ಮತದಾನ ಮುಗಿಯುವವರೆಗಿನ 48 ಗಂಟೆ ಅಂಗಡಿ ಮುಚ್ಚಿರುತ್ತದೆ. ಆ ವಾರ ಡಯಜೆಪಾಮ್ (ನಡುಕ, ಫಿಟ್ಸ್ ತಡೆಯುವ ಔಷಧ), ಥಯಮಿನ್ (ಬಿ-1 ವಿಟಮಿನ್) ದಾಸ್ತಾನು ಮೊದಲೇ ನೋಡಿಕೊಳ್ಳಿ.

ಬಿಟ್ಟಾಗಿನ ಈ ತೊಂದರೆಯ ತೀವ್ರತೆ ಅಳೆಯಲು ಸಿವಾ ಪಟ್ಟಿ ಇದೆ, ಹತ್ತು ಅಂಶ, 67 ಅಂಕ. 8ರ ಕೆಳಗಿದ್ದರೆ ಸಾಮಾನ್ಯವಾಗಿ ಮನೆಯಲ್ಲೇ ನಿಭಾಯಿಸಬಹುದು. 15 ದಾಟಿದರೆ ಆಸ್ಪತ್ರೆ. ಹಿಂದೆ ಫಿಟ್ಸ್ ಅಥವಾ ಭ್ರಮೆ ಬಂದಿದ್ದವರು, ಗರ್ಭಿಣಿಯರು, ಕಾಮಾಲೆ ಇರುವವರು, ಮನೆಯಲ್ಲಿ ಕುಡಿಯದ ಒಬ್ಬ ಜೊತೆಗಾರ ಇಲ್ಲದವರು, ಇವರಿಗೆ ಅಂಕ ಎಷ್ಟೇ ಇರಲಿ ಮನೆಯಲ್ಲಿ ಬೇಡ. ಮನೆಯಲ್ಲಿ ಮಾಡುವುದಾದರೆ ಕ್ಲೋರ್‌ಡಯಜೆಪಾಕ್ಸೈಡ್ 25 ಮಿಗ್ರಾಂ ದಿನಕ್ಕೆ ನಾಲ್ಕು ಸಲದಿಂದ ಶುರುಮಾಡಿ ಐದರಿಂದ ಏಳು ದಿನದಲ್ಲಿ ಇಳಿಸಿ ನಿಲ್ಲಿಸುವುದು, ಜಿಲ್ಲಾ ಮಾನಸಿಕ ಆರೋಗ್ಯ ತಂಡದ ವೈದ್ಯರಿಗೆ ಫೋನ್ ಮಾಡಿ ಕೇಳಿಕೊಂಡೇ. ಲಿವರ್ ಕೆಟ್ಟವರಿಗೆ, ವಯಸ್ಸಾದವರಿಗೆ ಲೋರಜೆಪಾಮ್.

ಥಯಮಿನ್ ಮರೆಯಬೇಡಿ. ಸುಸ್ತು ಎಂದು ಬಂದ ಕುಡಿತದ ರೋಗಿಗೆ ಮೊದಲು ಗ್ಲೂಕೋಸ್ ಬಾಟಲಿ ಹಾಕುವುದು ನಮ್ಮ ಕಡೆಯ ಹಳೇ ರೂಢಿ. ಮೈಯಲ್ಲಿ ಥಯಮಿನ್ ಇಲ್ಲದಾಗ ಗ್ಲೂಕೋಸ್ ಸುರಿದರೆ ಉಳಿದಿದ್ದೂ ಖರ್ಚಾಗಿ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಶುರುವಾಗಬಹುದು: ಕಣ್ಣು ಓಲಾಡುವುದು, ನಡಿಗೆ ತಪ್ಪುವುದು, ಗೊಂದಲ. ಬಾಟಲಿಗೆ ಮುಂಚೆ 100 ಮಿಗ್ರಾಂ ಥಯಮಿನ್ ಚುಚ್ಚುಮದ್ದು. ವರ್ನಿಕೆ ಅನುಮಾನ ಬಂದರೆ 500 ಮಿಗ್ರಾಂ ರಕ್ತನಾಳಕ್ಕೆ ದಿನಕ್ಕೆ ಮೂರು ಸಲ, ಅದು ದೊಡ್ಡ ಆಸ್ಪತ್ರೆಯ ಕೆಲಸ. ಶುಗರ್ ಇಳಿದು ಬಿದ್ದವನಿಗೆ ಮಾತ್ರ ಥಯಮಿನ್‌ಗಾಗಿ ಕಾಯಬೇಡಿ, ಎರಡೂ ಒಟ್ಟಿಗೆ. ಬಿ-ಕಾಂಪ್ಲೆಕ್ಸ್ ಮಾತ್ರೆ ಕೊಟ್ಟು ಥಯಮಿನ್ ಕೊಟ್ಟೆ ಎಂದುಕೊಳ್ಳಬೇಡಿ, ಕುಡಿತದವರ ಕರುಳು ಅದನ್ನು ಹೀರುವುದು ಕಡಿಮೆ.

ಇನ್ನು ಅಂಕ ಜಾಸ್ತಿ ಬಂದವರನ್ನು ಕಳಿಸುವುದೆಲ್ಲಿಗೆ ಎಂಬುದು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯ ವಿಭಾಗ, ತಾಲ್ಲೂಕು ಆಸ್ಪತ್ರೆಗಳ ಮನೋಚೈತನ್ಯ ಕ್ಲಿನಿಕ್. ದೂರ ಹೋಗಲಾಗದವರಿಗೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ-ಮಾನಸ್ 14416, ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446. ಯಾವ ಬಸ್ಸು, ಯಾವ ವಾರ, ಯಾವ ಕೋಣೆ ಎಂದು ಚೀಟಿಯಲ್ಲಿ ಬರೆಯಿರಿ. "ಮಡಿಕೇರಿಗೆ ಹೋಗಿ" ಎಂದಷ್ಟೇ ಹೇಳಿದರೆ ಅರ್ಧದಷ್ಟು ಜನ ತಲುಪುವುದಿಲ್ಲ ಎಂದೇ ತಿಳಿಯಿರಿ.

ಲ್ಯಾಬ್_ಮೇಜು:
ರಕ್ತ ಪರೀಕ್ಷೆಯಲ್ಲೇ ಕುಡಿತ ಗೊತ್ತಾಗುವುದಿಲ್ಲವೇ ಎಂದು ಆಗಾಗ ಕೇಳುತ್ತಾರೆ. ಗೊತ್ತಾಗುವುದು ತಡವಾಗಿ, ಅದೂ ಅರೆಬರೆ. ಜಿಜಿಟಿ (ಲಿವರಿನ ಒಂದು ಕಿಣ್ವ) ಏರುತ್ತದೆ, ಆದರೆ ಫಿಟ್ಸ್ ಮಾತ್ರೆ ಫಿನಿಟಾಯಿನ್ ನುಂಗುವವರಲ್ಲೂ, ಕೊಬ್ಬಿನ ಲಿವರ್ ಇರುವವರಲ್ಲೂ ಏರುತ್ತದೆ. ಎಂಸಿವಿ (ಕೆಂಪು ರಕ್ತಕಣದ ಗಾತ್ರ) ಏರಿದ್ದರೆ ಬಿ-12 ಕೊರತೆಯೂ ಇರಬಹುದು. ಲಿವರ್ ಕಿಣ್ವಗಳಲ್ಲಿ ಎಎಸ್‌ಟಿ, ಎಎಲ್‌ಟಿಯ ಎರಡರಷ್ಟಿದ್ದರೆ ಮದ್ಯದ ಲಿವರ್ ಕಡೆ ಬೊಟ್ಟು ಮಾಡುತ್ತದೆ, ಅಷ್ಟರಲ್ಲಿ ಪೆಟ್ಟು ಆಗಿಹೋಗಿರುತ್ತದೆ. ವಾರಾಂತ್ಯದಲ್ಲಿ ಮಾತ್ರ ಕುಡಿಯುವ ಯುವಕರಲ್ಲಿ ಎಲ್ಲವೂ ನಾರ್ಮಲ್ ಬರುವುದು ಮಾಮೂಲು. ಆ ರಿಪೋರ್ಟನ್ನು ಅವನು ಸರ್ಟಿಫಿಕೇಟಿನ ಹಾಗೆ ಹೆಂಡತಿಗೆ ತೋರಿಸುತ್ತಾನೆ. ಮೂರು ಪ್ರಶ್ನೆ ಇದಕ್ಕಿಂತ ಮೇಲು, ಖರ್ಚೂ ಇಲ್ಲ. ಕಡಿಮೆ ಮಾಡಿದವರಿಗೆ ಆರು ವಾರದ ಮೇಲೆ ಜಿಜಿಟಿ ಇಳಿದದ್ದನ್ನು ತೋರಿಸಲು ಮಾತ್ರ ಪರೀಕ್ಷೆ ಚೆನ್ನಾಗಿ ಕೆಲಸ ಮಾಡುತ್ತದೆ.

ಅಳತೆಗೋಲು (ಫಾರ್ಮಸಿ):
ಕೌಂಟರಿಗೆ ಬರುವ ಇನ್ನೊಂದು ಬೇಡಿಕೆ: "ಕುಡಿತ ಬಿಡಿಸೋ ಮಾತ್ರೆ ಕೊಡಿ, ಸಾರಲ್ಲಿ ಹಾಕ್ತೀವಿ." ಡೈಸಲ್ಫಿರಾಂ ಕೇಳುತ್ತಿರುವುದು. ಕೊಡಬೇಡಿ. ತಿಳಿಯದೆ ನುಂಗಿದವನು ಮಾಮೂಲಿನಂತೆ ಕ್ವಾರ್ಟರ್ ಹಾಕಿದರೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ಬಿಪಿ ಕುಸಿಯುತ್ತದೆ. ಹೃದಯ ಕಾಯಿಲೆ ಇದ್ದವನು ಉಳಿಯದೆ ಹೋಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಪರಿಣಾಮ ಇರುತ್ತದೆ. ರೋಗಿಗೆ ಗೊತ್ತಿದ್ದು, ಒಪ್ಪಿ, ವೈದ್ಯರು ನೋಡಿ ಬರೆದರೆ ಮಾತ್ರ ಅದು ಔಷಧ. ಪತ್ರಿಕೆಯ ಜಾಹೀರಾತಿನ ಹೆಸರಿಲ್ಲದ ಪುಡಿಗಳಲ್ಲಿ ಏನಿದೆ ಎಂದು ಲೇಬಲ್ ನೋಡಿಯೂ ತಿಳಿಯುವುದಿಲ್ಲ. ಇನ್ನು ಡಯಜೆಪಾಮ್, ಕ್ಲೋರ್‌ಡಯಜೆಪಾಕ್ಸೈಡ್ ಎರಡೂ ಎಚ್-1 (ಬಿಗಿ ನಿಯಮದ ಔಷಧಗಳ) ಪಟ್ಟಿಯವು, ರಿಜಿಸ್ಟರಿನಲ್ಲಿ ಬರೆಯಬೇಕು. ಒಂದು ಸಲಕ್ಕೆ ಎರಡು ಮೂರು ದಿನದ್ದಷ್ಟೇ, ಜೊತೆಗಾರರ ಕೈಗೆ. ಮಾತ್ರೆಯ ಜೊತೆ ಕುಡಿತವೂ ನಡೆದರೆ ಉಸಿರಾಟಕ್ಕೇ ಕುತ್ತು.

ದಕ್ಷಿಣಕೊಡಗು_ಎಂಓ:
ಸಾಕಷ್ಟು ಸಿಕ್ಕಿತು. ಕೊನೆಯದೊಂದು. ಓಪಿಡಿ ಚೀಟಿಯಲ್ಲಿ ಏನು ಬರೆಯುವುದು? ರಜೆಗೆ ಚೀಟಿಯನ್ನು ತೋಟದ ರೈಟರ್‌ಗೆ ತೋರಿಸಬೇಕಾಗುತ್ತದೆ.

ಸಿಎಚ್‌ಓ_ಉಪಕೇಂದ್ರ:
"ಆಲ್ಕೊಹಾಲಿಕ್" ಎಂದು ಬರೆಯಲೇಬೇಡಿ ಸರ್, ಒಮ್ಮೆ ಬರೆದರೆ ಆ ಮನುಷ್ಯನಿಗೆ ಮುಂದೆ ಎದೆನೋವು ಬಂದರೂ ಅದೇ ಕಣ್ಣಲ್ಲಿ ನೋಡುತ್ತಾರೆ. ಎನ್‌ಸಿಡಿ ರಿಜಿಸ್ಟರಿನಲ್ಲಿ ಬಿಪಿ ಕಾಲಂ ಪಕ್ಕ ಒಂದು ಗೆರೆ ಎಳೆದು "ಎ-ಸಿ 8/12", ಪೂರ್ತಿ ಮಾಡಿದ್ದರೆ "ಎ 17/40", ಮುಂದಿನ ಭೇಟಿಯ ತಾರೀಖು. ರೋಗಿಯ ಕೈಗೆ ಹೋಗುವ ಚೀಟಿಯಲ್ಲಿ ತಾರೀಖು ಮಾತ್ರ. ರೋಗಿ ಆರಿಸಿದ ದಾರಿಯನ್ನು ಬರೆದು ಕೊಡುವ ಕಾಗದ ಬೇರೆ ಇರಲಿ.

ಮನೋವೈದ್ಯ_ಮಡಿಕೇರಿ:
ಸರಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯದ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಯೂ ಸೇರಿದೆ, ಗೌಪ್ಯತೆ ರೋಗಿಯ ಹಕ್ಕು. ಮಾಲೀಕರು ಫೋನ್ ಮಾಡಿ "ನಮ್ಮ ಆಳಿಗೆ ಕುಡಿತ ಇದೆಯಾ" ಎಂದರೆ "ಅವರನ್ನೇ ಕೇಳಿ" ಎಂಬುದಷ್ಟೇ ಉತ್ತರ. ರೋಗಿ ಒಪ್ಪಿದರೆ ಮನೆಯವರಿಗೆ ಹೇಳಬಹುದು, ಮೇಸ್ತ್ರಿಗೆ ಹೇಳುವ ಪ್ರಶ್ನೆಯೇ ಇಲ್ಲ.

ಹಾಡಿಯಿಂದ:
ಚಿತ್ರದ ಹಾಳೆ ಮಾಡುವವರು ಟೆಟ್ರಾ ಪ್ಯಾಕಿನ ಚಿತ್ರವನ್ನು ನಿಜವಾದ ಅಳತೆಯಲ್ಲೇ ಬರೆಯಿರಿ, ಚಿಕ್ಕದಾಗಿ ಮುದ್ರಿಸಿದರೆ ನೈಂಟಿಗೂ ಕ್ವಾರ್ಟರ್‌ಗೂ ವ್ಯತ್ಯಾಸ ತಿಳಿಯುವುದಿಲ್ಲ. ಲ್ಯಾಮಿನೇಷನ್ ಮಾಡಿಸಿ. ನಮ್ಮ ಮಳೆಗೆ ಬರೀ ಕಾಗದ ಒಂದು ತಿಂಗಳೂ ಬಾಳುವುದಿಲ್ಲ.